ಮಂಚದ ಸರಳು ಹಿಡಿದ ಹುಡುಗ

11 ಅಕ್ಟೋಬರ್ 2024, ಶುಕ್ರವಾರ

ರಾತ್ರಿ ಹನ್ನೊಂದೂವರೆ. ನಿದ್ದೆ ಹತ್ತುತ್ತಿಲ್ಲ, ಬರೆದೇಬಿಡೋಣ ಅಂತ ಕೂತೆ.

ಇವತ್ತು ಇತಿಹಾಸಕಾರ ಸಾಲ್ ಫ್ರೀಡ್‌ಲ್ಯಾಂಡರ್ ಹುಟ್ಟಿದ ದಿನ. 1932ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದಾಗ ಇವರ ಹೆಸರು ಪಾವೆಲ್. 1939ರಲ್ಲಿ ಹಿಟ್ಲರನ ಸೈನ್ಯ ಪ್ರಾಗ್‌ಗೆ ನುಗ್ಗಿದ ಮೇಲೆ ಯಹೂದಿಗಳಾದ ಅಪ್ಪ ಅಮ್ಮ ಮಗನ ಕೈ ಹಿಡಿದು ಫ್ರಾನ್ಸ್ ಸೇರಿದರು. ಪಾವೆಲ್ ಅಲ್ಲಿ ಪಾಲ್ ಆದ.

1942ರ ಬೇಸಿಗೆಯಲ್ಲಿ ಫ್ರಾನ್ಸ್‌ನಲ್ಲೂ ಹೊರದೇಶದ ಯಹೂದಿಗಳನ್ನು ಹುಡುಕಿ ಹುಡುಕಿ ಹಿಡಿಯತೊಡಗಿದರು. ಹಿಡಿದುಕೊಟ್ಟವರು ಫ್ರಾನ್ಸಿನ ಪೊಲೀಸರೇ. ಮಗನಾದರೂ ಉಳಿಯಲಿ ಅಂತ ಅಪ್ಪ ಅಮ್ಮ ಅವನನ್ನು ಮೊಂಲುಸೋನ್ ಊರಿನ ಕ್ಯಾಥೊಲಿಕ್ ವಸತಿ ಶಾಲೆಗೆ ಒಪ್ಪಿಸಿದರು. ಅಲ್ಲಿ ಜ್ಞಾನಸ್ನಾನ ಮಾಡಿಸಿ, ಕ್ರೈಸ್ತನನ್ನಾಗಿ ಮಾಡಿ ಹೊಸ ಹೆಸರಿಟ್ಟರು: ಪಾಲ್-ಆನ್ರಿ ಫೆರ್ಲಾನ್.

ಹುಡುಗ ಸುಮ್ನೆ ಇರಲಿಲ್ಲ. ಶಾಲೆಯಿಂದ ತಪ್ಪಿಸಿಕೊಂಡು, ಅಪ್ಪ ಅಮ್ಮ ಇದ್ದ ಆಸ್ಪತ್ರೆಗೆ ಓಡಿಬಂದ. ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡ, ಬಿಡಲೊಲ್ಲ. ಆ ಪುಟ್ಟ ಬೆರಳುಗಳನ್ನು ಬಿಡಿಸಿ ಅವನನ್ನು ವಾಪಸ್ ಕಳಿಸಿದರು. ಅವರು ಅವನನ್ನು ನೋಡಿದ್ದು ಅದೇ ಕೊನೆ. ಇವತ್ತು ನನ್ನ ನಿದ್ದೆ ಕೆಡಿಸಿದ್ದೂ ಆ ಸರಳೇ.

ಆಮೇಲೆ ಅಪ್ಪ ಅಮ್ಮ ಇಬ್ಬರೇ ಸ್ವಿಟ್ಜರ್ಲೆಂಡ್ ಗಡಿ ದಾಟಿದರು. ಸ್ವಿಸ್ ಪೊಲೀಸರು ಹಿಡಿದು ಫ್ರಾನ್ಸಿಗೇ ವಾಪಸ್ ಒಪ್ಪಿಸಿದರು. ಅಲ್ಲಿಂದ ಆಶ್ವಿಟ್ಜ್, ಹಿಟ್ಲರನ ಕಡೆಯವರು ಯಹೂದಿಗಳನ್ನು ಕೊಲ್ಲುತ್ತಿದ್ದ ಶಿಬಿರ. ಇಬ್ಬರೂ ತಿರುಗಿ ಬರಲಿಲ್ಲ. ಇದರಲ್ಲಿ ಒಂದು ಸಂಗತಿ ಓದಿ ನಾನು ಪುಸ್ತಕ ಮುಚ್ಚಿಟ್ಟು ಎದ್ದುಹೋಗಿದ್ದೆ. ಆ ದಿನಗಳಲ್ಲಿ ಚಿಕ್ಕ ಮಕ್ಕಳ ಜೊತೆ ಬಂದವರನ್ನು ಸ್ವಿಸ್ ಗಡಿಯಲ್ಲಿ ಒಳಗೆ ಬಿಡುತ್ತಿದ್ದರಂತೆ. ಮಗನನ್ನು ಕರೆದುಕೊಂಡು ಹೋಗಿದ್ದರೆ ಮೂವರೂ ದಾಟುತ್ತಿದ್ದರೋ ಏನೋ. ಬಿಟ್ಟುಹೋಗಿದ್ದು ಅವನನ್ನು ಉಳಿಸೋಕೆ ಅಲ್ವಾ? ಅವನು ಉಳಿದ ಕೂಡ.

ಇದ್ಯಾವುದೂ ಅವನಿಗೆ ಗೊತ್ತಿಲ್ಲ. ಅವನು ನಿಜವಾಗಿಯೂ ಭಕ್ತನಾಗಿಬಿಟ್ಟಿದ್ದ. ಯುದ್ಧ ಮುಗಿದ ಮೇಲೂ ಜೆಸ್ಯೂಟ್ (ಕ್ಯಾಥೊಲಿಕ್ ಸನ್ಯಾಸಿಗಳ ಒಂದು ಸಂಘ) ಪಾದ್ರಿ ಆಗಬೇಕು ಅಂತಲೇ ಇದ್ದ. 1946ರಲ್ಲಿ ಅವನನ್ನು ಕೂರಿಸಿಕೊಂಡು ಆಶ್ವಿಟ್ಜ್ ಅಂದರೇನು, ಯಹೂದಿಗಳಿಗೆ ಏನಾಯಿತು ಅಂತ ಬಿಡಿಸಿ ಹೇಳಿದ್ದು ಒಬ್ಬ ಜೆಸ್ಯೂಟ್ ಪಾದ್ರಿಯೇ. ಅವರು ಬಾಯಿ ಮುಚ್ಚಿಕೊಂಡಿದ್ದರೆ ಒಬ್ಬ ಒಳ್ಳೆ ಶಿಷ್ಯ ಸಿಗುತ್ತಿದ್ದ. ಆದರೂ ಹೇಳಿದರು. ಆ ಮನುಷ್ಯನ ಬಗ್ಗೆ ನನಗೆ ತುಂಬಾ ಗೌರವ.

ಹುಡುಗ ತನ್ನ ಹಳೆಯ ಮನೆತನದ ಹೆಸರಿಗೆ ಮರಳಿದ. 1948ರಲ್ಲಿ, ಇನ್ನೂ ಹದಿನಾರು ತುಂಬದವನು, ಹಡಗು ಹತ್ತಿ ಇಸ್ರೇಲ್‌ಗೆ ಹೋದ. ಅಲ್ಲಿ ಶಾವುಲ್. ಮುಂದೆ ಯಹೂದಿಗಳ ನರಮೇಧದ ಇತಿಹಾಸ ಬರೆದು 2008ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಪಡೆದಾಗ ಸಾಲ್.

ಪಾವೆಲ್, ಪಾಲ್, ಪಾಲ್-ಆನ್ರಿ, ಶಾವುಲ್, ಸಾಲ್. ಆಸ್ಪತ್ರೆಯಲ್ಲಿ ಬೆರಳು ಬಿಡಿಸುವಾಗ ಅಮ್ಮ ಯಾವ ಹೆಸರು ಹಿಡಿದು ಕರೆದಿರಬಹುದು?