ಕಿನ್ನಾಳದ ಗೊಂಬೆ ಚಿತ್ರಗಳನ್ನು ಸರ್ವರ್ ಏಕೆ ನುಂಗುತ್ತಿತ್ತು

ಮೂರು ವಾರಗಳಿಂದ ಕಾಡಿದ ದೋಷ ನಿನ್ನೆ ರಾತ್ರಿ ಕೈಗೆ ಸಿಕ್ಕಿತು. ಕಿನ್ನಾಳದ ಗೊಂಬೆಗಳ ಚಿತ್ರ ಮತ್ತು ವಿವರಗಳನ್ನು ಕೂಡಿಡಲೆಂದು ಕೊಪ್ಪಳದ ನಮ್ಮ ಮನೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ನಾನು ಬರೆಯುತ್ತಿರುವ ಸರ್ವರ್, ಲ್ಯಾಪ್‌ಟಾಪಿನಿಂದ ಕಳುಹಿಸಿದ ಪ್ರತಿ ಚಿತ್ರವನ್ನೂ ಸರಿಯಾಗಿ ಉಳಿಸಿಕೊಳ್ಳುತ್ತಿತ್ತು. ಕಿನ್ನಾಳದಲ್ಲಿರುವ ಸೋದರಮಾವನ ಮಗ ಮೊಬೈಲಿನಿಂದ ಕಳುಹಿಸಿದಾಗ ಮಾತ್ರ ಖಾಲಿ ದಾಖಲೆಯೊಂದು ಉಳಿಯುತ್ತಿತ್ತು.

ಮೊದಲು ನೆಟ್‌ವರ್ಕನ್ನು ಶಂಕಿಸಿದೆ. ಅವನು ಪಾಪ, ಮಾಳಿಗೆ ಹತ್ತಿ ನಿಂತು ಕಳುಹಿಸಿದ. ಬಳಿಕ ಮೆಮೊರಿ ಕಾರ್ಡನ್ನು ಶಂಕಿಸಿ ಹೊಸದನ್ನು ತರಿಸಿದೆ. 32 ಜಿಬಿ ಕೇಳಿದರೆ 16 ಜಿಬಿ ಕಳುಹಿಸಿದ ಅಂಗಡಿಯವರು ಅದನ್ನು ಬದಲಿಸಿಕೊಡಲು ಒಂಬತ್ತು ದಿನ ಸತಾಯಿಸಿದರು. ಬ್ರೌಸರು ಕಳುಹಿಸುವ ಫಾರ್ಮಿನ ಒಡಲಿನಲ್ಲಿ ಭಾಗಗಳ ನಡುವೆ ‘ಬೌಂಡರಿ’ ಎಂಬ ಗಡಿಗುರುತು ಇರುತ್ತದೆ; ಆ ಗುರುತು ಯಾವುದೆಂದು ಮೊದಲೇ ಬರುವ ಹೆಡರ್ ಎಂಬ ವಿವರದ ಸಾಲು ಹೇಳುತ್ತದೆ, ಅದನ್ನು ಓದಿ ಬಿಡಿಸುವುದು ಪಾರ್ಸರಿನ ಕೆಲಸ. ಕೊನೆಗೆ ಬಂದ ಬೈಟ್‌ಗಳನ್ನೇ ತೆರೆದು, ಹೆಡರಿನಿಂದ ನನ್ನ ಪಾರ್ಸರ್ ತೆಗೆದ ಬೌಂಡರಿಯನ್ನೂ ಒಡಲಿನಲ್ಲಿದ್ದ ಬೌಂಡರಿಯನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ನಾಲ್ಕು ಅಡ್ಡಗೆರೆಗಳ ನಂತರ, ‘ವೆಬ್‌ಕಿಟ್‌ಫಾರ್ಮ್‌ಬೌಂಡರಿ’ ಎಂಬುದರ ಮೊದಲ ಅಕ್ಷರದ ಸ್ಥಾನದಲ್ಲಿ, ಹದಿನಾರರ ಎಣಿಕೆಯಲ್ಲಿ (ಹೆಕ್ಸ್), ಒಡಲಿನಲ್ಲಿ 57 ಇತ್ತು, ನನ್ನ ಪಾರ್ಸರಿನಲ್ಲಿ 77. ಒಂದು ಇಂಗ್ಲಿಷಿನ ದೊಡ್ಡಕ್ಷರ, ಇನ್ನೊಂದು ಅದರದೇ ಸಣ್ಣಕ್ಷರ. ಗುರುತುಗಳು ಹೊಂದದ ಕಾರಣ ಸರ್ವರಿಗೆ ಚಿತ್ರದ ಭಾಗವೇ ಸಿಗುತ್ತಿರಲಿಲ್ಲ.

ಬಂದದ್ದು ಯಾವ ಬಗೆಯದೆಂದು ಹೇಳುವ ಕಂಟೆಂಟ್ ಟೈಪ್ ಹೆಡರಿನ ಹೆಸರುಗಳಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ ಎಂಬ ನಿಯಮವನ್ನು ನಂಬಿ ನಾನು ಇಡೀ ಹೆಡರನ್ನೇ ಸಣ್ಣಕ್ಷರಕ್ಕೆ ಇಳಿಸಿದ್ದೆ. ಆ ನಿಯಮ ಟೈಪ್, ಉಪಟೈಪ್ ಮತ್ತು ಪ್ಯಾರಾಮೀಟರಿನ ಹೆಸರಿಗೆ ಅನ್ವಯಿಸುತ್ತದೆ, ಚಾರ್‌ಸೆಟ್‌ನ (ಅಕ್ಷರಗಳ ಸಂಕೇತ ಪದ್ಧತಿಯ) ಮೌಲ್ಯಕ್ಕೂ ಅನ್ವಯಿಸುತ್ತದೆ. ಬೌಂಡರಿಯ ಮೌಲ್ಯಕ್ಕೆ ಅನ್ವಯಿಸುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿರುವ ಹಳೆಯ ಫೈರ್‌ಫಾಕ್ಸ್ ಅಡ್ಡಗೆರೆಗಳ ಮುಂದೆ ಬರೀ ಅಂಕಿಗಳನ್ನು ಇಡುವುದರಿಂದ ಅಲ್ಲಿ ಇಳಿಸಲು ಏನೂ ಇರಲಿಲ್ಲ. ಮೊಬೈಲಿನ ಕ್ರೋಮ್ ಎರಡೂ ಬಗೆಯ ಅಕ್ಷರಗಳನ್ನು ಬೆರೆಸುತ್ತದೆ.

ಒಂದು ಸಾಲು ಅಳಿಸಿದ್ದರೆ ಸಾಕಿತ್ತು, ಆದರೆ ಅರ್ಧವಿರಾಮ, ಸಮಚಿಹ್ನೆ ಕಂಡಲ್ಲೆಲ್ಲ ಕತ್ತರಿ ಹಾಕುವ ಆ ಪಾರ್ಸರಿನ ಮೇಲೆ ನನಗೆ ನಂಬಿಕೆಯೇ ಹೋಗಿತ್ತು. ಬೌಂಡರಿಯಲ್ಲಿ ಸಮಚಿಹ್ನೆ ಇರಬಹುದು, ಇದ್ದರೆ ಅದು ಉದ್ಧರಣ ಚಿಹ್ನೆಗಳೊಳಗೆ ಬರಬೇಕು. ಆದ್ದರಿಂದ ಈಗ ಒಂದೊಂದೇ ಅಕ್ಷರ ಓದುತ್ತೇನೆ: ಉದ್ಧರಣದೊಳಗೆ ಇರುವಾಗ ಯಾವ ಚಿಹ್ನೆಗೂ ಕತ್ತರಿಸುವುದಿಲ್ಲ, ಹಿಮ್ಮುಖ ಗೆರೆ (ಬ್ಯಾಕ್‌ಸ್ಲ್ಯಾಶ್) ಬಂದರೆ ಮುಂದಿನ ಅಕ್ಷರವನ್ನು ಹಾಗೆಯೇ ಎತ್ತಿಕೊಳ್ಳುತ್ತೇನೆ, ಬೌಂಡರಿ 70 ಅಕ್ಷರ ದಾಟಿದರೆ ತಿರಸ್ಕರಿಸುತ್ತೇನೆ.

ಚಿತ್ರ ಬಂತು, ಆದರೆ ಅದರ ಕೆಳಗಿನ ‘ಗರುಡ’ ಎಂಬ ಪದ 12 ವಿಚಿತ್ರ ಚಿಹ್ನೆಗಳಾಗಿ ಕಾಣಿಸಿತು. ಗ, ರ, ಉಕಾರ, ಡ, ಒಂದೊಂದಕ್ಕೂ ಮೂರು ಬೈಟ್. ಪುಟ ಎಲ್ಲ ಲಿಪಿಗಳಿಗೂ ಒದಗುವ ಯುಟಿಎಫ್-8 ಸಂಕೇತದಲ್ಲಿದ್ದರೆ ಬ್ರೌಸರು ಫಾರ್ಮನ್ನೂ ಅದರಲ್ಲೇ ಕಳುಹಿಸುತ್ತದೆ, ಆದರೆ ಆ ಭಾಗದ ಹೆಡರಿನಲ್ಲಿ ಚಾರ್‌ಸೆಟ್ ನಮೂದಿಸುವುದಿಲ್ಲ. ನಮೂದಿಲ್ಲದಿದ್ದರೆ ಬೈಟಿಗೊಂದು ಅಕ್ಷರದ ಹಳೆಯ ಸಂಕೇತ ಲ್ಯಾಟಿನ್-1 ಎಂದು ತಿಳಿಯುವ 1999ರ ನಿಯಮ ನನ್ನ ಕೋಡಿನಲ್ಲಿ ಉಳಿದಿತ್ತು. ವೆಬ್ಬಿನ ನಿಯಮಾವಳಿಯಾದ ಎಚ್‌ಟಿಟಿಪಿ ಅದನ್ನು 2014ರಲ್ಲೇ ಕೈಬಿಟ್ಟಿದೆ. ನಾನೂ ಕೈಬಿಟ್ಟೆ.

ಮುಂದಿನ ಆಸೆ ನಮ್ಮ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳದ್ದು. ಚಿತ್ರದ ಜೊತೆಗೆ ಬ್ರಾಹ್ಮಿ ಪಾಠವನ್ನೂ ಇದೇ ಸರ್ವರಿನಲ್ಲಿ ಇಡಬೇಕೆಂದಿದ್ದೇನೆ; ಬ್ರಾಹ್ಮಿಯ ಅಕ್ಷರಕ್ಕೆ ಯುಟಿಎಫ್-8ರಲ್ಲಿ ನಾಲ್ಕು ಬೈಟ್ ಬೇಕು. ಅದಕ್ಕೂ ಮೊದಲು ಉದ್ಧರಣದೊಳಗಿನ ಬೌಂಡರಿಗೆ ಇನ್ನೂ ಆರು ಪರೀಕ್ಷೆಗಳನ್ನು ಬರೆಯುವುದಿದೆ, ಭಾನುವಾರ ಕುಳಿತು ಮುಗಿಸುತ್ತೇನೆ.