ಫಾರ್ಟಿ ಅಂದ್ರೆ ಫಾರ್ಟಿನೇ ಸಾರ್

"ಫಾರ್ಟಿ ಅಂದ್ರೆ ಫಾರ್ಟಿನೇ ಸಾರ್, ಅದ್ರಲ್ಲೇನಿದೆ?" ಈ ವಾರವೆಲ್ಲ ತಲೆಯಲ್ಲಿ ಸುತ್ತುತ್ತಿರುವುದು ಇದೊಂದೇ ಮಾತು. ಹೇಳಿದ್ದು ಪೀಣ್ಯದಲ್ಲಿ ನಮಗೆ ಅಲ್ಯೂಮಿನಿಯಂ ಪ್ರೊಫೈಲ್, ಅಂದರೆ ಮಷೀನ್ ಫ್ರೇಮ್ ಕಟ್ಟುವ ಕಂಬಿ, ಕೊಡುವ ಅಂಗಡಿಯವರು. ಮೋಸ ಮಾಡುವ ಮನುಷ್ಯರಲ್ಲ. ಅವರಿಗೆ ನಿಜವಾಗಿಯೂ ಹಾಗೇ ಅನಿಸಿದೆ, ಅದೇ ಕಷ್ಟ.

ಗಿರಾಕಿಯ ಹಳೇ ಜರ್ಮನ್ ಕನ್ವೇಯರ್‌ಗೆ ಒಂದು ಸೇಫ್ಟಿ ಗಾರ್ಡ್ ಕೂರಿಸಬೇಕಿತ್ತು. ಹಳೇ ಫ್ರೇಮ್ 40×40 ಮಿ.ಮೀ. ನಮ್ಮ ಪರ್ಚೇಸ್ ಹುಡುಗ ತಂದದ್ದೂ 40×40. ಎರಡನ್ನೂ ಪಕ್ಕಪಕ್ಕ ಇಟ್ಟು ಕೈಯಾಡಿಸಿದರೆ ಸಂದು ಕೂಡ ಗೊತ್ತಾಗುತ್ತಿರಲಿಲ್ಲ. ಆದರೆ ಕಾರ್ನರ್ ಬ್ರಾಕೆಟ್ ಹಳೇ ಕಂಬಕ್ಕೆ ಇಳಿಯಲೇ ಇಲ್ಲ. ಈ ಬ್ರಾಕೆಟ್‌ಗಳ ಬೆನ್ನಿಗೆ ಪುಟ್ಟ ಹಲ್ಲುಗಳಿರುತ್ತವೆ. ಅವು ಪ್ರೊಫೈಲ್‌ನ ಸ್ಲಾಟ್ (ಮೈಯುದ್ದಕ್ಕೂ ಇರುವ ಸೀಳು) ಒಳಗೆ ಕೂತರೆ ಬ್ರಾಕೆಟ್ ತಿರುಗುವುದಿಲ್ಲ. ಬಂದಿದ್ದ ಬ್ರಾಕೆಟ್ ಹಲ್ಲು 10 ಮಿ.ಮೀ. ಸ್ಲಾಟಿನದು. ಹಳೇ ಫ್ರೇಮಿನ ಸ್ಲಾಟ್ 8.

ಫೋನ್ ಮಾಡಿದೆ. ಆಗ ಬಂದದ್ದೇ ಆ ಮಾತು. ಸ್ಪೀಕರಿನಲ್ಲಿ ಕೇಳಿಸಿಕೊಂಡ ನಮ್ಮ ಗದಗ ಕಡೆಯ ಫಿಟ್ಟರ್ ವರ್ನಿಯರ್ ತೆಗೆದು ಸ್ಲಾಟಿಗೆ ಹಿಡಿದರು. "ಮೈ ಅಳದ್ರ ಏನ್ ಬಂತ್ರಿ ಸರ, ಬಾಯಿ ಅಳೀಬೇಕಲ್ಲ."

ನಿಜ ಅಲ್ವಾ? ಜರ್ಮನಿಯ ಐಟಂ ಕಂಪನಿಯ ಲೈನ್ 8 ಪ್ರೊಫೈಲ್ 40×40, ಸ್ಲಾಟ್ 8. ಬಾಷ್ ರೆಕ್ಸ್‌ರಾತ್‌ನ 40×40ಕ್ಕೆ ಸ್ಲಾಟ್ 10. ಹೋಗಲಿ, ಬಾಯಿ ಒಂದೇ ಇದ್ದರೆ ಸಾಕೇ ಅಂದರೆ ಅದೂ ಸಾಲದು. ಬಾಷ್‌ನ 30×30ಕ್ಕೂ ಸ್ಲಾಟ್ 8 ಇದೆ. ಆದರೆ ಒಳಗಿನ ಅಗಲ, ಆಳ ಎಲ್ಲ ಬೇರೆ. ಅದರ ಟಿ-ನಟ್ (ಸ್ಲಾಟ್ ಒಳಗೆ ಕೂತು ಬೋಲ್ಟ್ ಹಿಡಿಯುವ ನಟ್) ಐಟಂ ಪ್ರೊಫೈಲ್‌ನಲ್ಲಿ ಸರಿಯಾಗಿ ಕೂರುವುದಿಲ್ಲ. ಅಮೆರಿಕದ ಮಷೀನ್ ಬಂದರೆ ಇನ್ನೂ ಮಜಾ. 80/20 ಕಂಪನಿಯ 15 ಸೀರೀಸ್ ಒಂದೂವರೆ ಇಂಚು, ಅಂದರೆ 38.1 ಮಿ.ಮೀ. ಕಣ್ಣಿಗೆ 40ರ ಹಾಗೇ ಕಾಣುತ್ತದೆ, ಜೋಡಿಸಿದ ಮೇಲೆ ಮೆಟ್ಟಿಲು ಏಳುತ್ತದೆ.

"ಹಲ್ಲನ್ನ ಗ್ರೈಂಡರ್‌ನಲ್ಲಿ ಹೊಡೆದು ಹಾಕಿ, ಅಡ್ಜಸ್ಟ್ ಆಗುತ್ತೆ" ಅಂತ ಒಳಗಿನಿಂದ ಸೂಪರ್‌ವೈಸರ್ ಕೂಗಿದರು. ಈ 'ಅಡ್ಜಸ್ಟ್' ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಗಾರ್ಡ್ ಇರುವುದೇ ಯಾರದೋ ಬೆರಳು ಉಳಿಸೋಕೆ. ಹಲ್ಲು ಹೋದರೆ ಕಂಬದ ಕಡೆ ಬ್ರಾಕೆಟ್ಟನ್ನು ಹಿಡಿಯೋಕೆ ಒಂದು ಬೋಲ್ಟ್ ಮಾತ್ರ. ಕನ್ವೇಯರ್ ಅದುರಿ ಅದುರಿ ಗಾರ್ಡ್ ಒಂದಲ್ಲ ಒಂದು ದಿನ ವಾಲುತ್ತದೆ.

ಹುಡುಗನಿಗೆ ಅರ್ಥವಾಗಲಿ ಅಂತ ಫಿಟ್ಟರ್ ಇನ್ನೊಂದು ತೋರಿಸಿದರು. ಸ್ಲಾಟ್ 8ರ ಹ್ಯಾಮರ್ ನಟ್ಟನ್ನು ಹೊಸ ಪ್ರೊಫೈಲ್‌ಗೆ ಹಾಕಿ ಎಲ್ಲೆನ್ ಕೀ ತಿರುಗಿಸಿದರು. ಈ ನಟ್ ಒಳಗೆ ಕಾಲು ಸುತ್ತು ತಿರುಗಿ ಅಡ್ಡ ನಿಲ್ಲಬೇಕು. ಅಲ್ಲಿ ಜಾಗ ಜಾಸ್ತಿ ಇತ್ತು, ಅಡ್ಡ ನಿಲ್ಲದೆ ಓರೆಯಾಗಿ ಸಿಕ್ಕಿಕೊಂಡಿತು. ಕೀಗೆ ಮಾತ್ರ ಟೈಟ್ ಆದ ಹಾಗೇ ಅನಿಸಿತು. ಹುಡುಗ ಬ್ರಾಕೆಟ್ ಹಿಡಿದು ಎಳೆದ. ನಟ್ಟು, ಬೋಲ್ಟು, ವಾಷರ್ ಎಲ್ಲ ಕೈಗೇ ಬಂತು. ಪಾಪ, ಮುಖ ನೋಡಬೇಕಿತ್ತು. ಅವನ ತಪ್ಪು ಅಂತ ನಾನು ಹೇಳುವುದಿಲ್ಲ. ಅಂಗಡಿಯ ಕೊಟೇಶನ್‌ನಲ್ಲೇ '40×40' ಅಂತ ಮಾತ್ರ ಇದ್ದರೆ ಅವನೇನು ಮಾಡಿಯಾನು?

ಕೊನೆಗೆ ದಾರಿ ಹೇಳಿದ್ದೂ ಫಿಟ್ಟರೇ. 6 ಮಿ.ಮೀ. ಸಪಾಟು ಪ್ಲೇಟ್, ಹಲ್ಲಿಲ್ಲ. ಎರಡೂ ಪ್ರೊಫೈಲ್‌ನಲ್ಲಿ ಸ್ಲಾಟ್ ಇರುವುದು ನಡುಮಧ್ಯೆ, ಅಂಚಿನಿಂದ 20 ಮಿ.ಮೀ. ಹಾಗಾಗಿ ತೂತು ಕೊರೆಯೋಕೆ ತೊಂದರೆಯಿಲ್ಲ. ಒಂದೊಂದು ಕಡೆ ಎರಡೆರಡು ಬೋಲ್ಟ್ ಹಾಕಿದರೆ ಪ್ಲೇಟ್ ತಿರುಗುವುದೂ ಇಲ್ಲ. ಬೋಲ್ಟ್ ಎಲ್ಲ ಎಂ8 (8 ಮಿ.ಮೀ. ದಪ್ಪದವು), ಒಳಗಿನ ನಟ್ ಮಾತ್ರ ಅವರವರ ಸ್ಲಾಟಿನದು.

ಎಂ8 ಬೋಲ್ಟ್ ಜರ್ಮನಿಯ ಸೋಲಿಂಗನ್‌ನಲ್ಲಿ ತಗೊಳ್ಳಿ, ಪೀಣ್ಯದಲ್ಲಿ ತಗೊಳ್ಳಿ, ಮಾಮೂಲಿ ಪಿಚ್ (ಥ್ರೆಡ್‌ನಿಂದ ಥ್ರೆಡ್‌ಗೆ ಇರುವ ಅಂತರ) 1.25 ಮಿ.ಮೀ. ಯಾವ ಕಂಪನಿಯ ನಟ್ಟಿಗಾದರೂ ಹೋಗುತ್ತದೆ. ಬೋಲ್ಟಿಗೆ ಆದ ಒಪ್ಪಂದ ಸ್ಲಾಟಿಗೆ ಯಾಕೆ ಆಗಲಿಲ್ಲ? ನನ್ನ ಅನುಮಾನ ಇಷ್ಟೇ. ಪ್ರೊಫೈಲ್ ಒಮ್ಮೆ ಕೊಳ್ಳುತ್ತೇವೆ. ನಟ್ಟು, ಬ್ರಾಕೆಟ್ಟು, ಹಿಂಜು, ಕ್ಯಾಪು ಆಮೇಲೂ ಕೊಳ್ಳುತ್ತಲೇ ಇರುತ್ತೇವೆ. ಅವೆಲ್ಲ ಬೇರೆಯವರ ಹತ್ತಿರ ಸಿಗುವ ಹಾಗಾದರೆ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಲೆಕ್ಕ ಹಾಕೋಕೆ ಇಂಜಿನಿಯರಿಂಗ್ ಓದಬೇಕಿಲ್ಲ.

ಕಂಪನಿಗಳು ಬದಲಾಗುವವರೆಗೆ ಕಾಯೋಕಾಗಲ್ಲ. ನಮ್ಮ ಪರ್ಚೇಸ್ ಆರ್ಡರಿನಲ್ಲಿ ಈಗ ಪ್ರೊಫೈಲ್ ಸೈಜಿನ ಪಕ್ಕದಲ್ಲೇ ಸ್ಲಾಟ್ ಸೈಜು, ಯಾವ ಕಂಪನಿಯ ಮಾದರಿ ಅನ್ನುವ ಎರಡು ಕಾಲಂ ಸೇರಿವೆ. ಮೊದಲ ಆರ್ಡರ್ ಹೋದ ಕೂಡಲೇ ಅಂಗಡಿಯಿಂದ ಫೋನ್ ಬಂತು, ಈ ಕಾಲಂ ಖಾಲಿ ಬಿಟ್ಟರೆ ನಡೆಯುತ್ತಾ ಅಂತ. ನಡೆಯಲ್ಲ ಅಂದೆ.