ಸ್ಮಶಾನದಲ್ಲಿ ಚಿತ್ರಾನ್ನ

ಭಾನುವಾರ ವಿಡಿಯೊ ಕಾಲ್‌ನಲ್ಲಿ ನನ್ನ ಮಗಳು ಅವಳ ಅಜ್ಜಿಗೆ ವರದಿ ಒಪ್ಪಿಸಿದಳು. “ಅಜ್ಜಿ, ಇವತ್ತು ಸ್ಮಶಾನದಲ್ಲಿ ಕೂತು ಚಿತ್ರಾನ್ನ ತಿಂದ್ವಿ. ಸಖತ್ತಾಗಿತ್ತು!”

ಮಲ್ಲೇಶ್ವರದ ಕಡೆಯಿಂದ ಸದ್ದೇ ಇಲ್ಲ. ಆಮೇಲೆ ಅಮ್ಮ ನನ್ನನ್ನು ಕರೆದರು. “ಮನೆಗೆ ಬಂದು ತಲೆಗೆ ನೀರು ಹಾಕ್ಕೊಂಡ್ರೇನೇ? ಇಲ್ಲಾ ಹಾಗೇ ಒಳಗೆ ಬಂದ್ರಾ?”

ಹಾಗೇ ಬಂದಿದ್ದೆವು. ಕೋಪನ್‌ಹೇಗನ್‌ನ ನೋರೆಬ್ರೊ ಬಡಾವಣೆಯಲ್ಲಿ, ನಾವಿರುವ ಕಡೆ, ಇದು ಯಾರಿಗೂ ವಿಶೇಷವಲ್ಲ. ಬಿಸಿಲು ಬಂದರೆ ಸಾಕು, ಜನ ಚಾಪೆ, ಪುಸ್ತಕ, ಕೈಗೂಸು ಎಲ್ಲ ಹೊತ್ತುಕೊಂಡು ಅಸ್ಸಿಸ್ಟೆನ್ಸ್ ಸ್ಮಶಾನಕ್ಕೆ ಬರುತ್ತಾರೆ. ಸುತ್ತ ಹಳದಿ ಗೋಡೆ, ಒಳಗೆ ದೊಡ್ಡ ಮರಗಳು. ಕಥೆಗಾರ ಆಂಡರ್ಸನ್, ತತ್ವಜ್ಞಾನಿ ಕಿರ್ಕೆಗಾರ್ಡ್, ವಿಜ್ಞಾನಿ ನೀಲ್ಸ್ ಬೋರ್ ಮೂವರ ಸಮಾಧಿಯೂ ಇಲ್ಲೇ ಇದೆ. ಎಲ್ಲೆಂದರಲ್ಲಿ ಚಾಪೆ ಹಾಸುವಂತಿಲ್ಲ. ಈಗ ಹೂಳದೆ ಪಾರ್ಕಿನಂತೆ ಬಿಟ್ಟಿರುವ ಭಾಗವೇ ಬೇರೆ. ಅಮ್ಮನಿಗೆ ಇದನ್ನು ವಿವರಿಸಿದೆ. “ಹೆಣ ಹೆಣವೇ” ಅಂದರು.

ಆದರೆ ಇಲ್ಲಿಯವರು ಬೇರೆಲ್ಲಿಗೆ ಹೋಗಬೇಕು? ನೋರೆಬ್ರೊದ ಸುಮಾರು ನಾಲ್ಕು ಚದರ ಕಿಲೋಮೀಟರ್ ಜಾಗದಲ್ಲಿ ಹತ್ತಿರ ಹತ್ತಿರ 80,000 ಜನ. ಬೆಂಗಳೂರಿನವರಿಗೆ ಇದೇನು ಮಹಾ ಅನ್ನಿಸಬಹುದು, ಡೆನ್ಮಾರ್ಕ್ ಲೆಕ್ಕಕ್ಕೆ ಇದೇ ಗಿಜಿಗಿಜಿ. 1760ರಲ್ಲಿ ಬಡವರನ್ನು ಹೂಳಲು ಈ ಸ್ಮಶಾನ ಮಾಡಿದಾಗ ಇದು ಕೋಟೆಯಾಚೆಯ ಬಯಲು. ಸೇನೆಯ ಕಟ್ಟುಪಾಡಿನಿಂದಾಗಿ ಕೋಟೆಯ ಹೊರಗೆ ಮನೆ ಕಟ್ಟುವುದು ಕಷ್ಟವಿತ್ತು. ಊರೆಲ್ಲ ಗೋಡೆಯೊಳಗೇ ಒತ್ತರಿಸಿಕೊಂಡು ಬದುಕುತ್ತಿತ್ತು. 1852ರಲ್ಲಿ ಆ ಕಟ್ಟುಪಾಡು ಸಡಿಲವಾಯಿತು. ಮರುವರ್ಷವೇ ಕಾಲರಾ ಬಂದು ಸುಮಾರು ಐದು ಸಾವಿರ ಜನ ಸತ್ತರು. ಆಮೇಲೆ ಕೋಟೆಯ ಹೊರಗಿನ ಕೆರೆಗಳಾಚೆ, ಅಂದರೆ ಈ ನೋರೆಬ್ರೊದಲ್ಲಿ, ಬಾಡಿಗೆ ಕಟ್ಟಡಗಳು ಎದ್ದವು. ರಸ್ತೆ ಬದಿಗೆ ಒಂದು ಸಾಲು, ಅದರ ಹಿಂದೆ ಇನ್ನೊಂದು. ಕೂಲಿಯವರ ಇಡೀ ಸಂಸಾರ ಒಂದೆರಡು ಕೋಣೆಯಲ್ಲಿ.

ಇಷ್ಟು ಹೇಳುವಷ್ಟರಲ್ಲಿ ಅಮ್ಮ, “ನಮ್ಮ ಮಲ್ಲೇಶ್ವರ ಆಗಿದ್ದೂ ಪ್ಲೇಗ್ ಬಂದಿದ್ದಕ್ಕೇ ಅಲ್ವಾ” ಅಂದರು. ಹೌದು, 1898ರ ಪ್ಲೇಗ್.

ಆ ಹಿಂದಿನ ಸಾಲಿನ ಕಟ್ಟಡಗಳಲ್ಲಿ ಎಷ್ಟನ್ನೋ ಆಮೇಲೆ ಕೆಡವಿ ಹಿತ್ತಲು ಮಾಡಿದರು. ಖಾಲಿಯಾದ ಜಾಗವೆಲ್ಲ ಜನರಿಗೆ ಸುಮ್ನೆ ಸಿಗಲಿಲ್ಲ. 1980ರಲ್ಲಿ ಇಲ್ಲಿನ ಜನ ತಾವೇ ಕಟ್ಟಿಕೊಂಡಿದ್ದ ಮಕ್ಕಳ ಆಟದ ಮೈದಾನವನ್ನು ನಗರಸಭೆ ತೆರವು ಮಾಡಲು ಬಂದಾಗ ಪೊಲೀಸರ ಜೊತೆ ದೊಡ್ಡ ಗಲಾಟೆಯೇ ಆಯಿತು. ಮೈದಾನ ಉಳಿಯಲಿಲ್ಲ.

ನಮ್ಮ ಕಟ್ಟಡದ ಹಿತ್ತಲಲ್ಲಿ ಸಂಜೆ ಹೊತ್ತು ಸೊಮಾಲಿಯಾ, ಪಾಕಿಸ್ತಾನ, ಟರ್ಕಿ ಮೂಲದವರ ಮಕ್ಕಳೂ ಡೇನಿಶ್ ಮಕ್ಕಳೂ ಒಂದೇ ಮರಳಲ್ಲಿ ಹೊರಳುತ್ತವೆ. ನನ್ನ ಮಗಳೂ ಅವರ ಜೊತೆಗೆ. ನೋಡಿದಾಗೆಲ್ಲ ನಾನು ಬೆಳೆದ ವಠಾರ ನೆನಪಾಗುತ್ತದೆ. ಆರು ಮನೆಗೆ ಒಂದೇ ನಲ್ಲಿ, ಬೆಳಗಾಗುವ ಮೊದಲೇ ಕೊಡಗಳ ಸಾಲು, ತಾರಸಿಯ ಮೇಲೆ ಎಲ್ಲರ ಸಂಡಿಗೆ. ಪಕ್ಕದ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು. ಎಷ್ಟು ಚೆನ್ನಾಗಿತ್ತು ಅಂತ ನಾವೆಲ್ಲ ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಬಾಡಿಗೆಗೆ ಯಾರು ಬಂದರೂ ಓನರ್ ಅಜ್ಜಿ ಮೊದಲು ಕೇಳುತ್ತಿದ್ದದ್ದು ಮಾತ್ರ ನಮ್ಮ ನೆನಪಿಗೆ ಬರುವುದಿಲ್ಲ. “ನೀವು ಯಾವ ಪೈಕಿ?” ಉತ್ತರ ಹಿಡಿಸದಿದ್ದರೆ ಖಾಲಿ ಮನೆಯೂ ಖಾಲಿ ಇರುತ್ತಿರಲಿಲ್ಲ. ನಮ್ಮ ಅನ್ಯೋನ್ಯವೆಲ್ಲ ಆ ಪ್ರಶ್ನೆ ದಾಟಿ ಒಳಗೆ ಬಂದವರ ನಡುವೆ ಮಾತ್ರ ಇತ್ತು.

ಇಲ್ಲಿಯ ಹಿತ್ತಲಲ್ಲಿ ಆ ಪ್ರಶ್ನೆ ಯಾರೂ ಕೇಳುವುದಿಲ್ಲ. ಕೇಳುವುದು ಸರ್ಕಾರ. 2018ರಲ್ಲಿ ಬಂದ ಕಾನೂನುಗಳ ಪ್ರಕಾರ, ಸಾರ್ವಜನಿಕ ವಸತಿ ಬಡಾವಣೆಯಲ್ಲಿ ‘ಪಾಶ್ಚಾತ್ಯರಲ್ಲದ’ ಮೂಲದವರು ಅರ್ಧಕ್ಕಿಂತ ಜಾಸ್ತಿ ಇದ್ದು, ಆದಾಯ, ಕೆಲಸ, ಓದು, ಅಪರಾಧ ಇಂಥ ಲೆಕ್ಕಗಳಲ್ಲೂ ಹಿಂದಿದ್ದರೆ ಅದು ಸರ್ಕಾರದ ‘ಸಮಾನಾಂತರ ಸಮಾಜ’ಗಳ (ಮೊದಲು ‘ಘೆಟ್ಟೊ’ ಅನ್ನುತ್ತಿದ್ದರು) ಪಟ್ಟಿಗೆ ಸೇರುತ್ತದೆ. ನೋರೆಬ್ರೊದ ಮ್ಯೋಲ್ನರ್‌ಪಾರ್ಕನ್ ಹಾಗೆ ಸೇರಿತು. ಅಲ್ಲಿನ ಕೆಲವು ಕಟ್ಟಡಗಳ ಮಾರಾಟಕ್ಕೆ ತೀರ್ಮಾನವಾಯಿತು, ಸಂಸಾರಗಳು ಬೇರೆಡೆಗೆ ಹೋಗಬೇಕಾಯಿತು, ನಿವಾಸಿಗಳು ಕೋರ್ಟಿಗೂ ಹೋದರು.

ಸರ್ಕಾರದ ಲೆಕ್ಕದಲ್ಲಿ ಭಾರತೀಯರೂ ‘ಪಾಶ್ಚಾತ್ಯರಲ್ಲದ’ ಪೈಕಿಯೇ. ನಾವು ಕಂಪನಿ ವೀಸಾದಲ್ಲಿ ಬಂದವರು, ಖಾಸಗಿ ಮನೆಯಲ್ಲಿದ್ದೇವೆ, ಹಾಗಾಗಿ ನಮಗೆ ಬಿಸಿ ತಟ್ಟಿಲ್ಲ. ಇಲ್ಲಿನ ಕನ್ನಡದ ಗೆಳೆಯರಲ್ಲಿ ಈ ಮಾತು ತೆಗೆದರೆ, “ಅದು ಬೇರೆಯವರ ವಿಷಯ ಬಿಡಿ” ಅನ್ನುತ್ತಾರೆ. ನಮ್ಮ ಓನರ್ ಅಜ್ಜಿಯೂ ಇದಕ್ಕಿಂತ ಗಟ್ಟಿಯಾಗಿ ಹೇಳುತ್ತಿರಲಿಲ್ಲ.